ಲಂಗರಿಗೆ ಕಟ್ಟಿದ ದಾರ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಕೇಳಿದವರಿಗೆಲ್ಲ ಅವರು "ಎಂತಕ್ಕೆ?" ಎಂದು ಮರುಪ್ರಶ್ನೆ ಹಾಕುತ್ತಿದ್ದರು. ಮತದಾರರ ಪಟ್ಟಿ ಹಿಡಿದುಕೊಂಡು ಮನೆಗೆ ಬಂದ ಮಾಸ್ತರರನ್ನೂ ಹಾಗೇ ಕೇಳಿ ಕಾಲು ಗಂಟೆ ಬಾಗಿಲಲ್ಲೇ ನಿಲ್ಲಿಸಿದ್ದರಂತೆ. ಕಳೆದ ತಿಂಗಳು ಕಲ್ಯಾಣದಲ್ಲಿ ತೀರಿಕೊಂಡರು. ಬದುಕಿದ್ದಾಗ ಅಷ್ಟು ಜೋಪಾನ ಮಾಡಿಕೊಂಡ ಹೆಸರನ್ನು ಸತ್ತ ಮೇಲೆ ನಾನು ಅಚ್ಚು ಹಾಕಿಸುವುದು ಸರಿಯಲ್ಲ. ನಾವೆಲ್ಲ ಅವರನ್ನು ತಾಂಡೇಲರು ಎನ್ನುತ್ತಿದ್ದೆವು. ದೋಣಿ ನಡೆಸುವ ಹಿರಿಯನನ್ನು ಈ ಕಡೆ ಹಾಗೆ ಕರೆಯುತ್ತಾರೆ.

ನಾನು ಗದಗ ಕಡೆಯವನು. ಕೆರೆಗಿಂತ ದೊಡ್ಡ ನೀರು ಕಂಡದ್ದೇ ಡೊಂಬಿವಲಿಗೆ ಬಂದ ಮೇಲೆ. ಇದ್ದ ಕಾರ್ಖಾನೆ ಮುಚ್ಚಿಹೋಗಿ ಐದು ತಿಂಗಳು ಮನೆಯಲ್ಲಿ ಕೂತಿದ್ದವನಿಗೆ, ಸಾನಪಾಡಾದಲ್ಲಿ ಆಫೀಸು ಇಟ್ಟುಕೊಂಡಿದ್ದ ಒಂದು ಸಣ್ಣ ಕಂಪನಿಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಸಮುದ್ರದ ನೀರು ದಿನಕ್ಕೆರಡು ಸಲ ಒಳಗೆ ಬಂದು ಹೋಗುವ ಖಾಡಿಯಿದೆಯಲ್ಲ, ಅದರ ತಳ ಎಲ್ಲಿ ಎಷ್ಟು ಆಳ, ಎಲ್ಲಿ ಕೆಸರು, ಎಲ್ಲಿ ಕಲ್ಲು ಎಂದು ಸೇತುವೆ ಕಟ್ಟುವವರಿಗೆ ಅಳೆದು ಕೊಡುವ ಕಂಪನಿ ಅದು. ದೋಣಿಯಲ್ಲಿ ಕೂತು ಯಂತ್ರ ತೋರಿಸಿದ್ದನ್ನು ಬರೆದುಕೊಳ್ಳುವುದು, ಸಾಮಾನಿನ ಮೇಲೆ ಕಣ್ಣಿಡುವುದು ನನ್ನ ಕೆಲಸ. ಎರಡನೆಯದಕ್ಕೆ ನನಗಿಂತ ತಕ್ಕವನು ಅವರಿಗೆ ಸಿಗುತ್ತಿರಲಿಲ್ಲ. ಹಾಲಿನವನು ನಕ್ಕು ಮಾತಾಡಿಸಿದರೆ ಇವತ್ತು ನೀರು ಜಾಸ್ತಿ ಹಾಕಿದ್ದಾನೆ ಎಂದುಕೊಳ್ಳುವ ಜಾತಿಯವನು ನಾನು. ನನ್ನ ಹೆಂಡತಿಗೆ ಈ ಗುಣದಿಂದ ಸಾಕಾಗಿಹೋಗಿದೆ.

ಆದರೆ ತಾಂಡೇಲರ ಮುಂದೆ ನಾನು ಏನೂ ಅಲ್ಲ. ಕುಂದಾಪುರದ ಕಡೆಯವರು, ಅರವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ಮೊಣಕಾಲಿನ ಮೇಲಕ್ಕೆ ಮಡಚಿದ ಖಾಕಿ ಪ್ಯಾಂಟು. ಮೊದಲ ದಿನ ನಾವಿಬ್ಬರೂ ಕಲ್ಯಾಣದ ಕಡೆಗೆ ಹೋಗುವ ಒಂದೇ ಲೋಕಲ್ ಹತ್ತಿದೆವು. ಕಿಟಕಿಯ ಬಳಿ ಒಂದು ಸೀಟು ಖಾಲಿಯಿತ್ತು. ನಾನು ಕೈ ತೋರಿಸಿದೆ. ಅವರು ಕೂರಲಿಲ್ಲ.

"ಇಷ್ಟ್ ಜನ ನಿಂತ್ಕಂಡಿದ್ರ್. ಈ ಸೀಟ್ ಎಂತಕ್ಕೆ ಖಾಲಿ ಇತ್ತ್?" ಎಂದು ಬಗ್ಗಿ ಅಂಗೈಯಿಂದ ಸವರಿ ನೋಡಿದರು. ಒದ್ದೆಯಾಗಿತ್ತು. ಯಾವುದೋ ಮೀನಿನ ಬುಟ್ಟಿಯ ನೀರು. ಅವರು ನನ್ನ ಕಡೆ ತಿರುಗಿ, ನಾನೇ ಅದನ್ನು ಚೆಲ್ಲಿದವನೇನೋ ಎಂಬಂತೆ ನೋಡಿದರು.

ಅವರ ಸಂಶಯಗಳಿಗೆ ಹೀಗೆ ಹತ್ತರಲ್ಲಿ ಎಂಟು ಸಲ ಕಾರಣ ಸಿಗುತ್ತಿತ್ತು. ಕಂಪನಿ ಕೊಟ್ಟಿದ್ದ ಉಬ್ಬರ ಇಳಿತದ ಪುಸ್ತಕವನ್ನು ಅವರು ತೆರೆಯುತ್ತಲೇ ಇರಲಿಲ್ಲ. "ಪುಸ್ತ್ಕ ಬರ್ದವ ಈ ನೀರ್ ಕಂಡಿದ್ನಾ?" ಎನ್ನುವರು. ಜೆಟ್ಟಿಯ ಕಂಬಕ್ಕೆ ಮೊಳೆಯಿಂದ ತಾವೇ ಗೆರೆ ಕೊರೆದುಕೊಂಡಿದ್ದರು. ನೀರು ಅಲುಗಾಡದೆ ನಿಂತ ದಿನ ಅವರ ಮುಖ ಬಿಗಿಯುತ್ತಿತ್ತು. "ಸುಮ್ನೆ ಇಪ್ಪು ನೀರ್ ನಂಬೂಕಾಗ ಮರಾಯ್ರೆ. ಎಂತದೋ ಅಡ್ಗ್ಸಿ ಇಟ್ಕಂಡಿರತ್ತ್." ಮಧ್ಯಾಹ್ನ ಡಬ್ಬಿ ಬಿಚ್ಚಿದರೆ, ಸ್ವಂತ ಮಗಳು ಮಾಡಿ ಕಟ್ಟಿದ ಮೀನಿನ ಸಾರನ್ನೂ ಮೊದಲು ಮೂಸುತ್ತಿದ್ದರು. ಹೊರಡುವ ಮುಂಚೆ ಡೀಸೆಲ್ ಎಷ್ಟಿದೆಯೆಂದು ಕಡ್ಡಿ ಅದ್ದಿ ಎರಡು ಸಲ ನೋಡುವರು. ಎರಡನೆಯ ಸಲ ಯಾಕೆ ಎಂದು ಒಮ್ಮೆ ಕೇಳಿದೆ. "ಕಡ್ಡಿ ಸಮ ಇತ್ತಾ ಅಂದೇಳಿ," ಎಂದರು. ಅವರು ಅನುಮಾನಿಸದೆ ಬಿಟ್ಟದ್ದು ತಮ್ಮ ಕೈಯನ್ನು ಮಾತ್ರ. ತಾವು ಹಾಕಿದ ಗಂಟನ್ನು ಅವರು ತಿರುಗಿ ನೋಡುತ್ತಿರಲಿಲ್ಲ. ಹಾಕಿದರೆಂದರೆ ಮುಗಿಯಿತು.

ಕೆಲಸಕ್ಕೆ ಸೇರಿದಾಗಲೇ ನಮ್ಮ ಎಂಜಿನಿಯರ್ ನನಗೆ ಒಂದು ಮಾತು ಹೇಳಿದ್ದ. ಹಿಂದಿನ ವರ್ಷ ದೋಣಿಯ ಎರಡು ಲಂಗರುಗಳು 'ತಳದಲ್ಲಿ ಸಿಕ್ಕಿಕೊಂಡು' ಹೋಗಿದ್ದವು. ಸಿಕ್ಕಿಕೊಂಡವೋ, ಮುಂಬ್ರಾದ ಗುಜರಿ ಅಂಗಡಿ ಸೇರಿದವೋ ಯಾರಿಗೂ ಗೊತ್ತಿಲ್ಲ. ಇನ್ನೊಂದು ಹೋಗಬಾರದು. ತಾಂಡೇಲರನ್ನು ಕೇಳಿದ್ದಕ್ಕೆ, "ಅದ್ ನಾ ಬಪ್ಪುಕೆ ಮುಂಚಿನ ಕಥೆ," ಎಂದು ಬೇರೆ ಕಡೆ ನೋಡಿದರು. ಆ ಬೇರೆ ಕಡೆ ನೋಡಿದ್ದೇ ನನಗೆ ಸಾಕಾಯಿತು. ಅಂದಿನಿಂದ ನಾನು ಲಂಗರಿನ ಬೆನ್ನು ಹತ್ತಿದೆ.

ನೋಡಿದರೆ, ಅವರು ಅದನ್ನು ಕಟ್ಟಿದ್ದೇ ವಿಚಿತ್ರವಾಗಿತ್ತು. ಎರಡು ಕೊಕ್ಕೆಯ ಕಬ್ಬಿಣದ ಲಂಗರು ಅದು. ತಲೆಯಲ್ಲಿ ಒಂದು ಬಳೆ, ನಡುವೆ ಉದ್ದನೆಯ ದಂಡು, ಕಾಲಿನಲ್ಲಿ ಕೊಕ್ಕೆಗಳು. ಹಗ್ಗವನ್ನು ತಲೆಯ ಬಳೆಗೆ ಕಟ್ಟುತ್ತಾರೆಂದು ಗದಗದವನಾದ ನನಗೂ ಗೊತ್ತು, ಚಿತ್ರದಲ್ಲೆಲ್ಲ ಹಾಗೇ ಇರುತ್ತದೆ. ಇವರು ಸರಪಳಿಯನ್ನು ಕಾಲಿಗೆ, ಕೊಕ್ಕೆಗಳು ಕೂಡುವಲ್ಲಿ ಬಿಗಿದಿದ್ದರು. ಅಲ್ಲಿಂದ ದಂಡಿನ ಉದ್ದಕ್ಕೂ ಮೇಲೆ ತಂದು, ತಲೆಯ ಬಳೆಗೆ ಗೋಣಿ ಹೊಲಿಯುವಂಥ ಬರಿ ದಾರದಿಂದ ಕಟ್ಟಿದ್ದರು. ಸರಪಳಿಯ ಇನ್ನೊಂದು ತುದಿಗೆ ದೋಣಿಯ ಹಗ್ಗ. ಅಷ್ಟು ಭಾರದ ಕಬ್ಬಿಣ, ಹಲ್ಲಿನಲ್ಲಿ ಕಚ್ಚಿದರೆ ಹರಿಯುವ ದಾರ.

"ಇದೇನ್ರಿ ತಾಂಡೇಲ್ರ, ದಾರ ಯಾಕ ಕಟ್ಟೀರಿ?"

"ದಾರ ಅಂದ್ರೆ ದಾರ. ಎಂತಕ್ಕೆ ಕೇಳ್ತ್ರಿ?"

ಅವರು ಹೇಳಲಿಲ್ಲ. ತನ್ನ ಕಸುಬಿನ ಗುಟ್ಟು ಕಲಿತುಕೊಂಡು ಕಂಪನಿ ತನ್ನ ಜಾಗಕ್ಕೆ ಇನ್ಯಾರನ್ನೋ ತರುತ್ತದೆ, ಅದಕ್ಕೇ ಈ ಬಯಲುಸೀಮೆಯವನನ್ನು ಬಿಟ್ಟಿದ್ದಾರೆ ಎಂದು ಅವರ ಎಣಿಕೆ. ಇದು ನನಗೆ ಬಹಳ ಆಮೇಲೆ ಗೊತ್ತಾಯಿತು. ಅವತ್ತು ನಾನು ನನ್ನ ಲೆಕ್ಕ ಹಾಕಿದೆ. ದಾರ ಒಂದು ದಿನ 'ತಾನಾಗಿ' ಹರಿಯುತ್ತದೆ. ಕಾಲಿನ ಗಂಟನ್ನು ಸಡಿಲ ಬಿಟ್ಟಿದ್ದರೆ ಲಂಗರು ತಳದಲ್ಲೇ ಉಳಿಯುತ್ತದೆ. ಭಾನುವಾರ ಇಳಿತದ ಹೊತ್ತಿನಲ್ಲಿ ಇವರೇ ಬಂದು ಎತ್ತಿಕೊಂಡು ಹೋಗುತ್ತಾರೆ.

ಅವರನ್ನು ಹಿಡಿಯಲು ನಾನು ಒಂದು ಉಪಾಯ ಮಾಡಿದೆ. ಒಂದು ಮಧ್ಯಾಹ್ನ ಅವರು ಡೀಸೆಲ್ ತರಲು ಹೋದಾಗ, ಲಂಗರಿನ ತಲೆಯ ದಾರ ಬಿಚ್ಚಿ, ಬಳೆಗೂ ಸರಪಳಿಗೂ ಸೇರಿಸಿ ಗಟ್ಟಿ ತಂತಿ ಸುತ್ತಿ ಪಕ್ಕಡದಿಂದ ತಿರುವಿದೆ. ಮೇಲೆ ಅದೇ ದಾರವನ್ನು ತಂತಿ ಕಾಣದಂತೆ ಸುತ್ತಿ, ಅವರು ಹಾಕುವ ಗಂಟನ್ನೇ ಹಾಕಿದೆ. ತುದಿಯನ್ನು ಎರಡು ಸಲ ಒಳಗೆ ತೂರಿಸಿ ಎಳೆಯುವ ಗಂಟು ಅದು. ಎರಡು ವಾರ ಅವರ ಕೈಯನ್ನೇ ಕಾಯ್ದಿದ್ದರಿಂದ ನನಗೆ ಅದು ಬಂದುಬಿಟ್ಟಿತ್ತು. ಇನ್ನು ಲಂಗರು ಹೋದರೆ ದಾರದ ಮೇಲೆ ಹಾಕುವಂತಿಲ್ಲ, ತಂತಿಯನ್ನು ಯಾರೋ ಬಿಚ್ಚಿದ್ದಾರೆ ಎಂದೇ ಅರ್ಥ. ನನ್ನ ಜಾಣತನಕ್ಕೆ ನಾನೇ ಒಳಗೊಳಗೆ ಬೀಗಿದೆ.

ಮರುದಿನ ಮುಂಬ್ರಾದ ಗುಡ್ಡದ ಕೆಳಗೆ ಖಾಡಿಯಲ್ಲಿ ಲಂಗರು ಹಾಕಿದ್ದೆವು. ದೋಣಿಯಲ್ಲಿ ನಾವಿಬ್ಬರು, ಅಳೆಯುವ ಯಂತ್ರದವನೊಬ್ಬ, ಮತ್ತೆ ದಿವಾ ಕಡೆಯ ಒಬ್ಬ ಮೀನುಗಾರ, ನಲವತ್ತು ದಾಟಿದವನು. ನೀರು ಪೂರ್ತಿ ಇಳಿದ ಹೊತ್ತಿಗೆ ಆ ಜಾಗದ ಕೆಲಸ ಮುಗಿಯಿತು. ಲಂಗರು ಎಳೆದರೆ ಬರಲಿಲ್ಲ. ತಾಂಡೇಲರು ಇಂಜಿನ್ ಹಾಕಿ ಮುಂದೆ ಹೋದರು, ಹಿಂದೆ ಬಂದರು, ಸುತ್ತು ಹೊಡೆದರು. ತಳದಲ್ಲಿ ಮರಳು ಸಾಗಿಸುವ ಹಳೆಯ ದೋಣಿಯೊಂದು ಮುಳುಗಿರುವ ಜಾಗವಂತೆ. ಕೊಕ್ಕೆ ಅದರಲ್ಲೇ ಎಲ್ಲೋ ಹೊಕ್ಕಿತ್ತು. ಕಳ್ಳನ ಆಟ ಶುರುವಾಯಿತು ಎಂದು ನನಗೆ ಹುರುಪು ಬಂತು.

ಅವರು ಮಾತ್ರ ನಿರಾಳವಾಗಿದ್ದರು. ಹಗ್ಗವನ್ನು ಸಾಧ್ಯವಾದಷ್ಟು ಮೇಲಕ್ಕೆ ಎಳೆದು, ದೋಣಿಯ ಮೂತಿಯ ಗೂಟಕ್ಕೆ ನೆಟ್ಟಗೆ ಬಿಗಿದು ಕಟ್ಟಿ, ಡಬ್ಬಿ ಬಿಚ್ಚಿದರು. ಆ ದಿನ ಅವರಿಗೆ ಏನು ಒಳ್ಳೆಯ ಮನಸ್ಸು ಬಂದಿತ್ತೋ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ತುಂಡು ಬಂಗುಡೆಯನ್ನೂ ಮುಂದೆ ಹಿಡಿದರು. ನಾನು ತಿನ್ನುವುದಿಲ್ಲ ಎಂದೆ. ನಕ್ಕು, ತಾವಾಗಿಯೇ ಹೇಳತೊಡಗಿದರು.

"ಅವತ್ ದಾರ ಎಂತಕ್ಕೆ ಅಂದೇಳಿ ಕೇಳಿದ್ರಿ ಅಲ್ದಾ? ಕಾಣಿ, ತಲೆ ಬದಿಂದ ಎಳದ್ರೆ ಕೊಕ್ಕಿ ಇನ್ನೂ ಒಳ್ಗ್ ಹೋತ್ತ್. ಈಗ ನೀರ್ ಏರತ್ತ್, ನೀರಿನ್ ಸಂಗ್ತಿಗೆ ದೋಣಿ ಏರತ್ತ್. ದೋಣಿ ಏರ್ದ್ರೆ ಆ ದಾರ ತುಂಡಾತ್ತ್. ಆಗ ಎಳ್ತ ಕಾಲ್ ಬದಿಗೆ ಹೋಯ್ತಲೆ? ಹೊಕ್ಕ ದಾರಿಯಾಗೇ ಹಿಂದೆ ಬತ್ತ್ ಅದ್. ನಾವ್ ಎಳೂದೇ ಬೇಡ. ನೀರೇ ಎತ್ತಿ ಕೊಡತ್ತ್."

ದಾರ ಕಟ್ಟಿದ್ದೇ ಹರಿಯಲಿ ಎಂದು. ಅದರ ಕೆಳಗೆ ನನ್ನ ತಂತಿಯಿದೆ. ಆಗಲೇ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು, ಅವರು ಹಗ್ಗ ಸಡಿಲ ಬಿಡುತ್ತಿದ್ದರು, ಬೇರೇನಾದರೂ ಮಾಡುತ್ತಿದ್ದರು. ಕೆಲಸ ಸಿಕ್ಕು ಹದಿನೆಂಟು ದಿನವಾಗಿತ್ತು, ಹೆಂಡತಿ ಏಳು ತಿಂಗಳ ಬಸುರಿ. ತಂತಿಯೂ ಹರಿದೀತು ಎಂದು ನನಗೆ ನಾನೇ ಹೇಳಿಕೊಂಡೆ. ನೀರು ಏರುತ್ತಲೇ ಇತ್ತು, ಮೂತಿ ಮಾತ್ರ ಏರಲಿಲ್ಲ. ಅರ್ಧ ಗಂಟೆಯಲ್ಲಿ ದೋಣಿ ಮುಗ್ಗರಿಸಿದಂತೆ ಮುಂದಕ್ಕೆ ಬಾಗಿತು. ತಾಂಡೇಲರು ಡಬ್ಬಿ ಮುಚ್ಚಿ ಎದ್ದರು.

"ಇಷ್ಟೊತ್ತಿಗೆ ತುಂಡಾಯ್ಕಿತ್ತ್," ಎಂದರು. ಹಗ್ಗದ ಮೇಲೆ ಕೈಯಿಟ್ಟು, ಏನನ್ನೋ ಕೇಳಿಸಿಕೊಳ್ಳುವವರಂತೆ ನಿಂತರು. ಸಡಿಲ ಮಾಡೋಣವೆಂದರೆ ಗೂಟದ ಗಂಟು ಕಚ್ಚಿಕೊಂಡು ಬಿಟ್ಟಿತ್ತು.

ಅಷ್ಟರಲ್ಲಿ ಪಕ್ಕದಿಂದ ಒಂದು ದೊಡ್ಡ ಮರಳಿನ ದೋಣಿ ಹಾದುಹೋಯಿತು. ಅದರ ಅಲೆ ಬಾಗಿದ ಮೂತಿಯ ಮೇಲೆ ಹತ್ತಿ ಒಳಗೆ ಬಂತು. ಯಂತ್ರದ ಪೆಟ್ಟಿಗೆ ಜಾರಿ ನೀರಿಗೆ ಬಿತ್ತು. ಅದನ್ನು ಹಿಡಿಯಲು ಹೋದ ಮೀನುಗಾರ ಅಂಚಿಗೆ ಬಡಿದು ಬಿದ್ದ, ಮುಂಗೈ ಮುರಿಯಿತು. ತಾಂಡೇಲರು ಆ ಗಡಿಬಿಡಿಯಲ್ಲೂ ಖಾಲಿ ಡೀಸೆಲ್ ಡಬ್ಬವೊಂದನ್ನು ಹಗ್ಗಕ್ಕೆ ಕಟ್ಟಿ, ಆಮೇಲೆ ಕತ್ತಿಯಿಂದ ಹಗ್ಗ ಕಡಿದರು. ಮೂತಿ ಮೇಲೆ ಚಿಮ್ಮಿತು. ಡಬ್ಬ ತೇಲುತ್ತ ಉಳಿಯಿತು.

ಮಾರನೆಯ ದಿನ ಎಂಜಿನಿಯರನೂ ಬಂದ. "ತುಮ್ಹಾರಾ ಧಾಗಾ ಫೇಲ್ ಹೋ ಗಯಾ ತಾಂಡೇಲ್," ಎಂದ. ತಾಂಡೇಲರು ಹಿಂದಿಯಲ್ಲಿ ಹೇಳಿದರು, ದಾರ ಕೈಕೊಡುವುದಿಲ್ಲ, ಯಾರೋ ಕೈಯಾಡಿಸಿದ್ದಾರೆ, ಎತ್ತಿ ನೋಡೋಣ. ಹೇಳುವಾಗ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ನನ್ನದನ್ನು ತುಸು ಹೆಚ್ಚು ಹೊತ್ತು ನೋಡಿದರು ಎಂದು ನನಗನ್ನಿಸಿತು.

ಎರಡು ದೋಣಿ ತಂದಿದ್ದೆವು. ನೀರು ಇಳಿದಾಗ ತಾಂಡೇಲರು ಡಬ್ಬ ಹಿಡಿದು ಹಗ್ಗವನ್ನು ನೆಟ್ಟಗೆ ಎಳೆದು ಹಿಡಿಸಿದರು. ಇನ್ನೊಂದು ಸರಪಳಿಯ ತುಂಡನ್ನು ಆ ಹಗ್ಗದ ಸುತ್ತ ಬಳೆಯಂತೆ ಕೂಡಿಸಿ, ಅದಕ್ಕೆ ಬೇರೆ ಹಗ್ಗ ಕಟ್ಟಿ ಕೆಳಗೆ ಬಿಟ್ಟರು. ಸರಪಳಿಯ ಬಳೆ ಹಗ್ಗದಗುಂಟ ಜಾರಿ ಲಂಗರಿನ ತಲೆ ದಾಟಿ ದಂಡಿನ ಮೇಲೆ ಕೂತದ್ದು ಅವರಿಗೆ ಕೈಯಲ್ಲೇ ತಿಳಿಯಿತು. "ಹ್ಞಾಂ, ಬಿತ್ತ್," ಎಂದರು. ಆ ಹಗ್ಗವನ್ನು ಎರಡನೆಯ ದೋಣಿ ಎದುರು ದಿಕ್ಕಿಗೆ ಒಯ್ದು ನಿಧಾನ ಎಳೆಯಿತು. ಎರಡು ಸಲ ಜಗ್ಗಿ ನಿಂತಿತು. ಮೂರನೆಯ ಸಲ ತಳದಿಂದ ಗುಳ್ಳೆಗಳೆದ್ದು ಲಂಗರು ಸಡಿಲವಾಯಿತು. ನಾನು ಆ ಮನುಷ್ಯನ ಕಸುಬನ್ನು ಕಣ್ಣಾರೆ ಕಂಡದ್ದು ಅದೊಂದೇ ದಿನ. ಕೈ ಮುಗಿಯಬೇಕು ಅನ್ನಿಸಿತು.

ಲಂಗರು ಮೇಲೆ ಬಂತು. ಕೆಸರು ತೊಳೆದರು. ಹರಿದ ದಾರದ ಎಳೆಗಳ ಕೆಳಗೆ ತಂತಿ ಕಾಣಿಸಿತು. ತಾಂಡೇಲರು ಕುಕ್ಕುರುಗಾಲಲ್ಲಿ ಕೂತು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

"ಇದ್ ಯಾರ್ ಕಟ್ಟಿದ್?"

ಎಂಜಿನಿಯರ್ ನನ್ನ ಕಡೆ ತಿರುಗಿದ. ಆಗ ನಾನು ಆಡಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ.

"ನೀವ ಕಟ್ಟೀರಿ ನೋಡ್ರಿ ತಾಂಡೇಲ್ರ. ಮೊನ್ನೆ ನನ್ನ ಕಡೆ ತಂತಿ ಇಸಗೊಂಡಿದ್ರಲ್ಲ, ನೆನಪಿಲ್ಲೇನ್ರಿ?"

"ಅದ್ ಬಕೆಟಿನ್ ಹಿಡಿಗೆ."

"ಬಕೀಟಿಗೆ ಅಂತ ಇಸಗೊಂಡ್ರಿ, ಖರೆ. ಉಳದದ್ದು ಎಲ್ಲಿ ಹೋತು?"

ಬಕೆಟಿಗೆಂದು ಅವರು ತಂತಿ ಕೇಳಿದ್ದು ನಿಜ. ಉಳಿದದ್ದನ್ನು ನನಗೆ ವಾಪಸು ಕೊಟ್ಟಿದ್ದರು. ಅದನ್ನೇ ನಾನು ಲಂಗರಿಗೆ ಸುತ್ತಿದ್ದು. ಅದನ್ನು ಹೇಳಲೆಂದು ಬಾಯಿ ತೆರೆದವರು, ದಾರದ ಗಂಟನ್ನು ಕಂಡು ತಡೆದು, ಅದನ್ನು ಎತ್ತಿ ಬಿಸಿಲಿಗೆ ಹಿಡಿದರು. ತುದಿ ಎರಡು ಸಲ ಒಳಗೆ ಹೋಗಿತ್ತು. ಬಹಳ ಹೊತ್ತು ನೋಡಿದರು. ನನ್ನನ್ನು ಅನುಮಾನಿಸುತ್ತಾರೆ, ಈಗ ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ.

"ಗಂಟ್ ನಂದೇ," ಎಂದರು. ಆಮೇಲೆ ಎದ್ದು ಎಂಜಿನಿಯರನಿಗೆ, "ಮೇರಾ ಗಲ್ತಿ ಸಾಬ್," ಎಂದರು.

ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಶನಿವಾರ ಅವರೇ ಆಫೀಸಿಗೆ ಬಂದು ದೋಣಿಯ ಕೀಲಿ ಮೇಜಿನ ಮೇಲಿಟ್ಟರು. ಇನ್ನೊಂದಷ್ಟು ದಿನ ಇರ್ರಿ ಎಂದು ನಾನು ಹೇಳಿದೆ, ನಾಚಿಕೆಯಿಲ್ಲದೆ. "ಕಟ್ಟಿದ್ದ್ ನೆನಪಿಲ್ದವ ನಾಲ್ಕ್ ಜನ್ರನ್ನ ನೀರಿನ್ ಮೇಲೆ ಕರ್ಕಂಡ್ ಹೋಪುಕಾಗ," ಎಂದು ಹೊರಟುಹೋದರು.

ಆಮೇಲೆ ಬಂದ ಹೊಸಬನಿಗೆ ಲಂಗರಿನ ದಾರ ಕಟ್ಟುವುದನ್ನು ಕಲಿಸಿದವನು ನಾನೇ. ಎರಡು ಮೂರು ಸಲ ಲಂಗರು ಸಿಕ್ಕಿಕೊಂಡು, ನೀರು ಏರಿದಾಗ ದಾರ ತುಂಡಾಗಿ ಸಲೀಸಾಗಿ ಬಂತು. ಎಂಜಿನಿಯರ್ ನನ್ನ ಬೆನ್ನು ತಟ್ಟಿದ. ಸಂಬಳವೂ ಏರಿತು. ತಾಂಡೇಲರ ವಿಷಯ ಬಂದರೆ, ಪಾಪ, ವಯಸ್ಸಾಗಿತ್ತು ಎನ್ನುತ್ತಿದ್ದೆ.

ಏಳೆಂಟು ವರ್ಷದ ಮೇಲೆ, ಕಲ್ಯಾಣದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋದಾಗ ಅವರನ್ನು ಕಂಡೆ. ಊಟ ಇಟ್ಟಿದ್ದ ಹೋಟೆಲು ಕುಂದಾಪುರದ ಕಡೆಯವರದೇ. ಕೈ ತೊಳೆಯಲು ಹಿತ್ತಲಿಗೆ ಹೋದರೆ, ನೀರಿನ ಪಂಪಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಪಂಪು ಹಾಕುವುದು, ಮೇಲಿನ ಟಾಕಿ ತುಂಬಿದ ಮೇಲೆ ಬಂದ್ ಮಾಡುವುದು ಅವರ ಕೆಲಸ. ಹಿಂದಿನ ಗೋಡೆಯ ತುಂಬ ಸೀಮೆಸುಣ್ಣದ ಗೆರೆಗಳು. ನಾನು ನೋಡುತ್ತಿದ್ದಂತೆ ಪಂಪು ಬಂದ್ ಮಾಡಿ ಒಂದು ಗೆರೆ ಎಳೆದರು. ಕೂತರು. ಮತ್ತೆ ಎದ್ದು, ಗೆರೆ ನೋಡಿ, ಸ್ವಿಚ್ಚು ನೋಡಿ, ಕೂತರು. ತನ್ನ ಕೈ ಹಾಕಿದ ಗಂಟನ್ನು ತಿರುಗಿ ನೋಡದಿದ್ದ ಮನುಷ್ಯ ಅವರು.

ನನ್ನ ಗುರುತು ಹಿಡಿದರು. "ಯಾರ್ ಕಳ್ಸಿದ್ ನಿಮ್ಮನ್ನ?" ಎಂದು ಶುರುಮಾಡಿದರು. ಯಾರೂ ಕಳಿಸಿಲ್ಲ, ಊಟಕ್ಕೆ ಬಂದೆ ಎಂದೆ. ಆಮೇಲೆ ನಿಂತೇ ಹೇಳಿಬಿಟ್ಟೆ.

"ತಾಂಡೇಲ್ರ, ಆ ತಂತಿ ನಾ ಕಟ್ಟಿದ್ದರಿ. ನಿಮ್ಮ ಗಂಟೂ ನಾನ ಹಾಕಿದ್ದೆ. ನೀವು ಲಂಗರ ಮಾರ್ತೀರಿ ಅಂತ ನನಗ ಸಂಶೆ ಇತ್ತು. ನೀವೇನೂ ಮರತಿರಲಿಲ್ಲ. ನಾ ಸುಳ್ಳ ಹೇಳಿದೆ."

ಅವರು ನನ್ನ ಮುಖದಲ್ಲಿ ಏನನ್ನೋ ಹುಡುಕಿದರು.

"ಮಗ್ಳ್ ಹೇಳಿ ಕೊಟ್ಟದ್ದಾ ಇದ್?"

"ಇಲ್ರಿ. ನಿಮ್ಮ ಮಗಳನ್ನ ನಾ ನೋಡೇ ಇಲ್ಲ."

"ಡಾಕ್ಟ್ರ್ ಹೇಳಿದ್ರಂಬ್ರ್, ಮನ್ಸಿಗೆ ಸಮಾಧಾನ ಆಪ್ಪಂಗೆ ಮಾತಾಡಿ ಅಂದೇಳಿ. ಅವ್ಳ್ ಎಲ್ಲರ್ ಹತ್ರನೂ ಹೇಳ್ಸತ್ಲ್." ಆಮೇಲೆ ಕೇಳಿದರು, "ನೀವ್ ಕಟ್ಟಿದ್ರೆ, ತಂತಿ ಎಷ್ಟ್ ಸುತ್ತ್?"

ನನಗೆ ನೆನಪಿರಲಿಲ್ಲ. ಎಂಟು ವರ್ಷ ಅದನ್ನು ಮರೆಯಲಿಕ್ಕೇ ಹೆಣಗಿದ್ದೆ. "ನಾಲ್ಕ... ಐದ ಇರಬೇಕ್ರಿ."

"ಏಳ್," ಎಂದರು. "ನಾ ಎಣ್ಸಿದ್ದೆ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ತೋಳನ್ನು ಮೆಲ್ಲಗೆ ತಟ್ಟಿದರು. "ನಿಮ್ದ್ ಒಳ್ಳೆ ಮನ್ಸ್ ಮರಾಯ್ರೆ. ಹೋಯ್ ಮಗ್ಳ್ ಹತ್ರ ಹೇಳಿ, ಅಪ್ಪಯ್ಯ ನಂಬಿದ್ರ್ ಅಂದೇಳಿ. ಅವ್ಳಿಗೆ ಖುಷಿ ಆತ್ತ್."

ಬಕೆಟಿನ ತಂತಿ, ಪಕ್ಕಡ, ತಾಯಾಣೆ, ಏನು ಹೇಳಿದರೂ ಅವರು ತಲೆಯಾಡಿಸುತ್ತ ನಗುತ್ತಿದ್ದರು. ಮತ್ತೆರಡು ಸಲ ಬರೀ ಅದಕ್ಕೆಂದೇ ಹೋದೆ. ಕೊನೆಯ ಸಲ ಅವರೇ ನನ್ನನ್ನು ಸಮಾಧಾನ ಮಾಡಿ ಕಳಿಸಿದರು.

ಮೊನ್ನೆ ಅವರ ಹನ್ನೆರಡನೆಯ ದಿನಕ್ಕೆ ಹೋದಾಗ ಮಗಳನ್ನು ಮೊದಲ ಸಲ ನೋಡಿದೆ. ಕಲ್ಯಾಣದಲ್ಲೇ ಶಾಲೆಯೊಂದರಲ್ಲಿ ಆಫೀಸು ಕೆಲಸ ಮಾಡುವ ಹೆಣ್ಣುಮಗಳು, ಅಪ್ಪನದೇ ಸಣಕಲು ಮುಖ. ಅಪ್ಪಯ್ಯ ಕೊನೆಯ ವರ್ಷಗಳಲ್ಲಿ ಸ್ನಾನ ಮಾಡಿದ್ದನ್ನೂ ಗೋಡೆಯ ಮೇಲೆ ಬರೆಯುತ್ತಿದ್ದರು ಎಂದು ಹೇಳಿದಳು. ಯಾವ ಡಾಕ್ಟರಿಗೂ ಅವರಲ್ಲಿ ಮರೆವು ಕಾಣಿಸಿರಲಿಲ್ಲವಂತೆ. ನಾನು ಅವಳನ್ನು ಬಾಲ್ಕನಿಗೆ ಕರೆದು ಎಲ್ಲವನ್ನೂ ಹೇಳಿದೆ, ತಂತಿ, ಗಂಟು, ಆಡಿದ ಸುಳ್ಳು.

ಅವಳು ಕಂಬಿ ಹಿಡಿದುಕೊಂಡು ಕೇಳಿಸಿಕೊಂಡಳು. ಅಳಲಿಲ್ಲ. "ಇದನ್ನ ಅಪ್ಪಯ್ಯ ಇದ್ದಾಗ್ಲೇ ಒಂದ್ಸಲ ಅವ್ರಿಗೆ ಹೇಳ್ಬಹುದಿತ್ತಲ್ಲ ಅಂಕಲ್?" ಎಂದಳು.

"ಹೇಳಿದ್ದೆ ಯವ್ವಾ," ಎಂದೆ. "ಮೂರು ಸಲ ಹೇಳಿದ್ದೆ."

ಅವಳು ನಂಬಲಿಲ್ಲ.